ಬಿಸಿನೆಸ್ ಮೇಲ್ ಗ್ರಾಹಕರ ಇನ್‌ಬಾಕ್ಸ್ ತಲುಪಬೇಕಾ? ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಗ್ರಾಹಕರು ಫೋನ್ ಮಾಡುತ್ತಾರೆ. "ದುಡ್ಡು ಕಟ್ ಆಗಿದೆ, ಆರ್ಡರ್ ಮೇಲ್ ಬಂದಿಲ್ಲ." ನೀವು ನೋಡಿದರೆ ಸಿಸ್ಟಂನಲ್ಲಿ ಮೇಲ್ ಹೋಗಿದೆ ಅಂತಲೇ ಇರುತ್ತದೆ. "ಸ್ಪ್ಯಾಮ್ ಫೋಲ್ಡರ್ ಒಂದ್ಸಲ ನೋಡಿ ಮೇಡಂ" ಅನ್ನೋದು ಎಷ್ಟೋ ಸಣ್ಣ ಬಿಸಿನೆಸ್‌ಗಳಲ್ಲಿ ಅಭ್ಯಾಸವೇ ಆಗಿಬಿಟ್ಟಿದೆ. ಈಗ ಆ ಉತ್ತರವೂ ನಡೆಯೋದಿಲ್ಲ. ನಿಯಮ ಪಾಲಿಸದ ಮೇಲ್ ಎಷ್ಟೋ ಸಲ ಸ್ಪ್ಯಾಮ್ ಫೋಲ್ಡರ್ ಕೂಡ ಸೇರದೆ ಹಾಗೇ ವಾಪಸ್ ಬರುತ್ತದೆ.

ಇದನ್ನು ಸರಿಮಾಡಲು ಪ್ರೋಗ್ರಾಮಿಂಗ್ ಬೇಕಿಲ್ಲ. ನಿಮ್ಮ ಡೊಮೇನಿನ (ಇಂಟರ್ನೆಟ್‌ನಲ್ಲಿ ನಿಮ್ಮ ಸ್ವಂತ ಹೆಸರು) ಡಿಎನ್‌ಎಸ್ ಪ್ಯಾನೆಲ್‌ನ, ಅಂದರೆ ಆ ಹೆಸರಿನ ದಾಖಲೆಗಳನ್ನು ಬರೆದಿಡುವ ಪುಟದ ಲಾಗಿನ್ ಇರಬೇಕು, ಸ್ವಲ್ಪ ತಾಳ್ಮೆ ಇರಬೇಕು. ಆ ಲಾಗಿನ್ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರವೇ ಉಳಿದಿದ್ದರೆ ಮೊದಲು ಅದನ್ನು ಇಸ್ಕೊಳ್ಳಿ.

ನಿಯಮ ಏನು ಹೇಳುತ್ತದೆ

2023ರ ಅಕ್ಟೋಬರ್‌ನಲ್ಲಿ ಗೂಗಲ್ ಮತ್ತು ಯಾಹೂ ಹೊಸ ನಿಯಮ ಘೋಷಿಸಿದವು. 2024ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಮೈಕ್ರೋಸಾಫ್ಟ್ 2025ರ ಮೇ 5ರಿಂದ ಔಟ್‌ಲುಕ್, ಹಾಟ್‌ಮೇಲ್, ಲೈವ್ ವಿಳಾಸಗಳಿಗೂ ಇಂಥದ್ದೇ ನಿಯಮ ತಂದಿತು. 2025ರ ನವೆಂಬರ್‌ನಿಂದ ಜಿಮೇಲ್ ಇನ್ನಷ್ಟು ಬಿಗಿ ಮಾಡಿದೆ.

ಜಿಮೇಲ್‌ಗೆ ಯಾರೇ ಮೇಲ್ ಕಳಿಸಿದರೂ ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಾದರೂ ಇರಲೇಬೇಕು. (ಮೇಲ್ ನಿಮ್ಮದೇ ಅಂತ ಸಾಬೀತು ಮಾಡಲು ಡಿಎನ್‌ಎಸ್‌ನಲ್ಲಿ ಹಾಕುವ ರೆಕಾರ್ಡ್‌ಗಳು ಇವು, ಡಿಮಾರ್ಕ್ ಕೂಡ ಅಂಥದ್ದೇ. ವಿವರ ಹಂತ 2ರಲ್ಲಿದೆ.) ದಿನಕ್ಕೆ 5000 ಅಥವಾ ಅದಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಕೂಡ ಬೇಕು.

"ನಾವು ದಿನಕ್ಕೆ ಇನ್ನೂರು ಮೇಲ್ ಕಳಿಸೋರು, ನಮಗ್ಯಾಕೆ ಇದೆಲ್ಲ?" ಅನ್ನಬಹುದು. ದೀಪಾವಳಿ ಆಫರ್ ಅಂತ ಹಳೆ ಗ್ರಾಹಕರಿಗೆಲ್ಲ ಒಂದೇ ದಿನ ಮೇಲ್ ಬಿಟ್ಟರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಜಿಮೇಲ್ ಸಬ್‌ಡೊಮೇನ್‌ಗಳನ್ನೂ ಸೇರಿಸಿ ಎಣಿಸುತ್ತದೆ. ಒಂದೇ ಒಂದು ದಿನ 5000 ಮುಟ್ಟಿದರೂ ಸಾಕು, ಆಮೇಲೆ ಯಾವಾಗಲೂ ನಿಮ್ಮನ್ನು ಬಲ್ಕ್ ಸೆಂಡರ್ (ರಾಶಿಗಟ್ಟಲೆ ಕಳಿಸುವವರು) ಅಂತಲೇ ನೋಡುತ್ತದೆ. ಮೂರೂ ರೆಕಾರ್ಡ್ ಹಾಕಲು ಒಂದು ರೂಪಾಯಿ ಖರ್ಚಿಲ್ಲ. ಸುಮ್ನೆ ಹಾಕಿಬಿಡಿ.

ಎಸ್‌ಎಂಎಸ್ ಕಳಿಸುವ ವ್ಯಾಪಾರಿಗಳಿಗೆ ಟ್ರಾಯ್‌ನ ಡಿಎಲ್‌ಟಿ ನೋಂದಣಿ ಗೊತ್ತಿರುತ್ತದೆ. ಹೆಡರ್, ಟೆಂಪ್ಲೇಟ್ ಎಲ್ಲ ಮೊದಲೇ ಒಪ್ಪಿಗೆ ಪಡೆಯಬೇಕು. ಮೇಲ್‌ಗೆ ಅಂಥ ಕಚೇರಿ ಯಾವುದೂ ಇಲ್ಲ. ನಿಮ್ಮ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅಂತ ನಿಮ್ಮ ಡಿಎನ್‌ಎಸ್‌ನಲ್ಲಿ ನೀವೇ ಬರೆದಿಡಬೇಕು.

ಒಂದು ಮಾತು. ಇನ್ನೂ ಜಿಮೇಲ್ ಅಥವಾ ಯಾಹೂ ವಿಳಾಸದಿಂದಲೇ ಬಿಸಿನೆಸ್ ನಡೆಸುತ್ತಿದ್ದರೆ ಮುಂದಿನ ಯಾವ ಹಂತವೂ ನಿಮ್ಮ ಕೈಯಲ್ಲಿಲ್ಲ. ಆ ಡೊಮೇನ್‌ಗಳು ನಿಮ್ಮವಲ್ಲ. ಆ ವಿಳಾಸವನ್ನು ನ್ಯೂಸ್‌ಲೆಟರ್ ಸೇವೆಗೆ ಕೊಟ್ಟು ಸಾವಿರ ಜನಕ್ಕೆ ಕಳಿಸಿದರೆ ಅದು ಫೇಲ್ ಆಗುವುದು ಗ್ಯಾರಂಟಿ. ಯಾಹೂ ತನ್ನ ಹೆಸರಿನ ಅಂಥ ಮೇಲ್‌ಗಳನ್ನು ತಿರಸ್ಕರಿಸಿ ಅಂತ 2014ರಿಂದಲೇ ಹೇಳುತ್ತಿದೆ. ಮೊದಲು ಸ್ವಂತ ಡೊಮೇನ್ ತೊಗೊಳ್ಳಿ.

ಹಂತ 1: ನಿಮ್ಮ ಹೆಸರಲ್ಲಿ ಯಾರ್ಯಾರು ಮೇಲ್ ಕಳಿಸುತ್ತಾರೆ, ಪಟ್ಟಿ ಮಾಡಿ

ಎಲ್ಲರೂ ನೇರ ಡಿಎನ್‌ಎಸ್‌ಗೆ ಕೈ ಹಾಕುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇರುವುದು ಈ ಪಟ್ಟಿಯಲ್ಲೇ.

ಶಿರಸಿಯಲ್ಲಿ ಕಾಳುಮೆಣಸು, ಏಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಮಾರುವ ಒಂದು ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. ಮಾಲೀಕರನ್ನು ಕೇಳಿದರೆ "ನಮ್ಮದು ಗೂಗಲ್ ವರ್ಕ್‌ಸ್ಪೇಸ್ ಒಂದೇ" ಅನ್ನುತ್ತಾರೆ. ಕೂತು ಕೆದಕಿದರೆ ಒಂದೊಂದೇ ಹೊರಗೆ ಬರುತ್ತದೆ. ದಿನದ ಪತ್ರವ್ಯವಹಾರ ವರ್ಕ್‌ಸ್ಪೇಸ್‌ನಿಂದ ಹೋಗುತ್ತದೆ, ಸರಿ. ಆರ್ಡರ್ ಮೇಲ್ ಮಾತ್ರ ವರ್ಡ್‌ಪ್ರೆಸ್ ಸೈಟ್ ಇರುವ ಹೋಸ್ಟಿಂಗ್ ಸರ್ವರ್‌ನಿಂದ ಹೋಗುತ್ತಿದೆ. ಹಬ್ಬದ ಆಫರ್ ಒಂದು ನ್ಯೂಸ್‌ಲೆಟರ್ ಸೇವೆಯಿಂದ. ಇನ್‌ವಾಯ್ಸ್ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ. ಎರಡು ವರ್ಷದ ಹಿಂದೆ ಟ್ರಯಲ್ ನೋಡಿ ಬಿಟ್ಟ ಸಿಆರ್‌ಎಂ (ಗ್ರಾಹಕರ ಲೆಕ್ಕ ಇಡುವ ಸಾಫ್ಟ್‌ವೇರ್) ಒಂದು ಈಗಲೂ ಫಾಲೋಅಪ್ ಮೇಲ್ ಕಳಿಸುತ್ತಲೇ ಇದೆ!

ನಿಮ್ಮಲ್ಲೂ ಹೀಗೇ ಹುಡುಕಿ. ಅಕೌಂಟೆಂಟ್‌ರನ್ನು ಕೇಳಿ, ಪೇಮೆಂಟ್ ಲಿಂಕ್ ಕಳಿಸುವವರನ್ನು ಕೇಳಿ, ವೆಬ್‌ಸೈಟಿನ ಕಾಂಟ್ಯಾಕ್ಟ್ ಫಾರ್ಮ್ ಯಾವ ವಿಳಾಸದಿಂದ ಕಳಿಸುತ್ತದೆ ನೋಡಿ. ಬೇಡದ್ದನ್ನು ಈಗಲೇ ಬಂದ್ ಮಾಡಿ.

ವರ್ಡ್‌ಪ್ರೆಸ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಏನೂ ಬದಲಿಸದೆ ಬಿಟ್ಟರೆ ಅದು ಹೋಸ್ಟಿಂಗ್ ಸರ್ವರ್‌ನಿಂದಲೇ ಮೇಲ್ ಕಳಿಸುತ್ತದೆ. ಶೇರ್ಡ್ ಹೋಸ್ಟಿಂಗ್ ಆದರೆ ಅದೇ ಐಪಿಯಿಂದ (ಸರ್ವರ್‌ನ ಇಂಟರ್ನೆಟ್ ವಿಳಾಸ) ಇನ್ನೂ ಎಷ್ಟೋ ಸೈಟ್‌ಗಳ ಮೇಲ್ ಹೋಗುತ್ತಿರುತ್ತದೆ. ಅದರಲ್ಲಿ ಯಾರೋ ಸ್ಪ್ಯಾಮ್ ಮಾಡಿದರೆ ನಿಮ್ಮ ಮೇಲ್‌ಗೂ ಏಟು. ಮೇಲ್ ಅನ್ನು ಬೇರೆ ಸರ್ವರ್ ಮೂಲಕ ಕಳಿಸುವ ಒಂದು ಎಸ್‌ಎಂಟಿಪಿ ಪ್ಲಗಿನ್ ಹಾಕಿ, ಆರ್ಡರ್ ಮೇಲ್‌ಗಳನ್ನು ವರ್ಕ್‌ಸ್ಪೇಸ್ ಅಥವಾ ಮೇಲ್ ಕಳಿಸಲಿಕ್ಕೇ ಇರುವ ಅಮೆಜಾನ್ ಎಸ್‌ಇಎಸ್ ಥರದ ಸೇವೆಯ ಮೂಲಕ ಕಳಿಸಿ. ಆರ್ಡರ್ ಜಾಸ್ತಿ ಇದ್ದರೆ ಎರಡನೆಯದೇ ಒಳ್ಳೆಯದು. ವರ್ಕ್‌ಸ್ಪೇಸ್‌ನಲ್ಲಿ ಒಬ್ಬ ಯೂಸರ್‌ಗೆ ದಿನಕ್ಕೆ 2000 ಮೇಲ್ ಮಿತಿ ಇದೆ.

ಹಂತ 2: ಎರಡು 'ಫ್ರಂ' ಇರುತ್ತವೆ ಅನ್ನೋದು ತಿಳಿದಿರಲಿ

ಇದನ್ನು ಬಿಟ್ಟು ಮುಂದೆ ಹೋದವರೇ "ಎಲ್ಲಾ ಪಾಸ್ ಅಂತ ಬರುತ್ತೆ, ಆದ್ರೂ ಸ್ಪ್ಯಾಮ್‌ಗೆ ಹೋಗುತ್ತೆ" ಅಂತ ತಲೆ ಕೆಡಿಸಿಕೊಳ್ಳುವುದು.

ಅಂಚೆಯಲ್ಲಿ ಲಕೋಟೆಯ ಮೇಲೆ ಒಂದು ವಿಳಾಸ, ಒಳಗಿನ ಕಾಗದದ ಕೊನೆಗೆ ಒಂದು ಸಹಿ ಇರುತ್ತದೆ. ಎರಡೂ ಒಬ್ಬರದ್ದೇ ಆಗಿರಬೇಕು ಅಂತೇನಿಲ್ಲ. ಮೇಲ್‌ನಲ್ಲೂ ಅಷ್ಟೇ. ಗ್ರಾಹಕರಿಗೆ ಕಾಣುವ ಫ್ರಂ ಒಂದು. ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ, ಬೌನ್ಸ್ ಆದರೆ ವಾಪಸ್ ಬರಬೇಕಾದ ವಿಳಾಸ ಇನ್ನೊಂದು. ಅದಕ್ಕೆ ರಿಟರ್ನ್-ಪಾತ್ ಅನ್ನುತ್ತಾರೆ.

ಎಸ್‌ಪಿಎಫ್ ನೋಡುವುದು ರಿಟರ್ನ್-ಪಾತ್‌ನ ಡೊಮೇನನ್ನು. ಈ ಐಪಿಗೆ ಆ ಡೊಮೇನ್ ಅನುಮತಿ ಕೊಟ್ಟಿದೆಯಾ, ಅಷ್ಟೇ ಅದರ ಪ್ರಶ್ನೆ. ಡಿಕಿಮ್ ಅಂದರೆ ಮೇಲ್ ಮೇಲೆ ಹಾಕುವ ಡಿಜಿಟಲ್ ಸಹಿ. ಆ ಸಹಿಯಲ್ಲೂ ಒಂದು ಡೊಮೇನ್ ಹೆಸರು ಇರುತ್ತದೆ. ಡಿಮಾರ್ಕ್ ಕೇಳುವುದು ಬೇರೆಯೇ ಪ್ರಶ್ನೆ: ಪಾಸ್ ಆದ ಡೊಮೇನ್ ಮತ್ತು ಗ್ರಾಹಕರಿಗೆ ಕಾಣುವ ಫ್ರಂ ಡೊಮೇನ್ ಒಂದೇನಾ? ಈ ಹೊಂದಾಣಿಕೆಗೆ ಅಲೈನ್‌ಮೆಂಟ್ ಅಂತ ಹೆಸರು. ಎಸ್‌ಪಿಎಫ್ ಅಥವಾ ಡಿಕಿಮ್, ಯಾವುದಾದರೂ ಒಂದು ಪಾಸ್ ಆಗಿ ಹೊಂದಿಕೆಯೂ ಆದರೆ ಡಿಮಾರ್ಕ್ ಪಾಸ್. ಎಸ್‌ಪಿಎಫ್ ಪಾಸ್ ಆಗಿದ್ದೂ ಡಿಮಾರ್ಕ್ ಫೇಲ್ ಆಗುವುದು ಹೀಗೇ.

ಹಂತ 3: ಎಸ್‌ಪಿಎಫ್ ರೆಕಾರ್ಡ್

ಡಿಎನ್‌ಎಸ್ ಪ್ಯಾನೆಲ್ ತೆರೆಯಿರಿ. ಮುಖ್ಯ ಡೊಮೇನ್ ಮೇಲೆ ಟಿಎಕ್ಸ್‌ಟಿ ಮಾದರಿಯ ರೆಕಾರ್ಡ್‌ಗಳನ್ನು ನೋಡಿ. 'ವಿ=ಎಸ್‌ಪಿಎಫ್1' ಅಂತ ಶುರುವಾಗುವ ಸಾಲೇ ಎಸ್‌ಪಿಎಫ್. (ಇಲ್ಲಿ ಓದಲಿಕ್ಕೆ ಕನ್ನಡದಲ್ಲಿ ಬರೆದಿದ್ದೇನೆ. ಪ್ಯಾನೆಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಬೇಕು. ಯಾವ ಸಾಲನ್ನೂ ಕೈಯಿಂದ ಟೈಪ್ ಮಾಡಬೇಡಿ, ಸೇವೆ ಕೊಡುವವರ ಸೆಟಪ್ ಪುಟದಿಂದ ಕಾಪಿ ಮಾಡಿ.)

ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ರೆಕಾರ್ಡ್ ಇರಬೇಕು. ಜಾಸ್ತಿ ಜನ ತಪ್ಪುವುದು ಇಲ್ಲೇ. ವರ್ಕ್‌ಸ್ಪೇಸ್‌ಗೆ ಒಂದು ಹಾಕಿರುತ್ತಾರೆ. ಆಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್‌ನವರು "ಈ ರೆಕಾರ್ಡ್ ಸೇರಿಸಿ" ಅಂದಾಗ ಇನ್ನೊಂದು ಹಾಕುತ್ತಾರೆ. ಎರಡಿದ್ದರೆ ಎರಡೂ ಕೆಲಸ ಮಾಡೋದಿಲ್ಲ, ಎಸ್‌ಪಿಎಫ್ ಪರ್ಮ್‌ಎರರ್ (ರೆಕಾರ್ಡೇ ತಪ್ಪು) ಅಂತ ಬರುತ್ತದೆ. ಹಳೆಯ ಸಾಲಿನೊಳಗೇ ಹೊಸ 'ಇನ್‌ಕ್ಲೂಡ್' (ಈ ಸೇವೆಗೂ ಅನುಮತಿ ಇದೆ ಅನ್ನುವ ತುಣುಕು) ಸೇರಿಸಬೇಕು, ಕೊನೆಯ 'ಆಲ್' ಬರುವುದಕ್ಕಿಂತ ಮುಂಚೆ.

ಇನ್ನೊಂದು ಮಿತಿ ಇದೆ. ಈ ಸಾಲನ್ನು ಪರೀಕ್ಷಿಸುವಾಗ ಡಿಎನ್‌ಎಸ್ ಹುಡುಕಾಟ 10 ದಾಟಬಾರದು. ಒಂದೊಂದು ಇನ್‌ಕ್ಲೂಡ್ ಒಳಗೆ ಇನ್ನೂ ಕೆಲವು ಇನ್‌ಕ್ಲೂಡ್ ಇರಬಹುದು, ಅವೂ ಲೆಕ್ಕಕ್ಕೆ ಬರುತ್ತವೆ. ನೇರವಾಗಿ ಬರೆದ ಐಪಿ ಲೆಕ್ಕಕ್ಕಿಲ್ಲ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಇಲ್ಲಿ ತುಂಬಬೇಡಿ. ಹಲವು ನ್ಯೂಸ್‌ಲೆಟರ್ ಸೇವೆಗಳು ರಿಟರ್ನ್-ಪಾತ್‌ನಲ್ಲಿ ತಮ್ಮದೇ ಡೊಮೇನ್ ಹಾಕುತ್ತವೆ. ಅಂಥವನ್ನು ನಿಮ್ಮ ಎಸ್‌ಪಿಎಫ್‌ಗೆ ಸೇರಿಸಿದರೂ ಏನೂ ಪ್ರಯೋಜನವಿಲ್ಲ, ಯಾರೂ ಅದನ್ನು ನೋಡುವುದೇ ಇಲ್ಲ. ಅವುಗಳಿಗೆ ಡಿಕಿಮ್ ಸರಿಯಾಗಿದ್ದರೆ ಸಾಕು.

ಕೊನೆಯಲ್ಲಿ '~ಆಲ್' ಇಡಿ. ಪಟ್ಟಿಯಲ್ಲಿಲ್ಲದವರನ್ನು ಅನುಮಾನದಿಂದ ನೋಡಿ ಅಂತ ಅದರ ಅರ್ಥ. '-ಆಲ್' ಅಂದರೆ ತಿರಸ್ಕರಿಸಿ. '+ಆಲ್' ಎಲ್ಲಾದರೂ ಕಂಡರೆ ತಕ್ಷಣ ಅಳಿಸಿ, ಯಾರು ಬೇಕಾದರೂ ನಿಮ್ಮ ಹೆಸರಲ್ಲಿ ಕಳಿಸಬಹುದು ಅಂತ ನೀವೇ ಬರೆದುಕೊಟ್ಟ ಹಾಗೆ ಅದು.

ಹಂತ 4: ಡಿಕಿಮ್, ಇದಕ್ಕೆ ಜಾಸ್ತಿ ಗಮನ ಕೊಡಿ

ಎಸ್‌ಪಿಎಫ್‌ಗಿಂತ ಡಿಕಿಮ್ ಮೇಲೆ ನನಗೆ ನಂಬಿಕೆ ಜಾಸ್ತಿ. ಕಾರಣ ಇದೆ. ನಿಮ್ಮ ಗ್ರಾಹಕರು ಆಫೀಸ್ ಮೇಲ್ ಅನ್ನು ತಮ್ಮ ಜಿಮೇಲ್‌ಗೆ ಫಾರ್ವರ್ಡ್ ಮಾಡಿಕೊಂಡಿರಬಹುದು. ಆಗ ಜಿಮೇಲ್‌ಗೆ ಕಾಣುವುದು ಫಾರ್ವರ್ಡ್ ಮಾಡಿದ ಸರ್ವರ್‌ನ ಐಪಿ. ಅದು ನಿಮ್ಮ ಎಸ್‌ಪಿಎಫ್‌ನಲ್ಲಿ ಇರೋದಿಲ್ಲ, ಫೇಲ್. ಡಿಕಿಮ್ ಸಹಿ ಮಾತ್ರ ಮೇಲ್ ಜೊತೆಯಲ್ಲೇ ಹೋಗುತ್ತದೆ. ದಾರಿಯಲ್ಲಿ ಯಾರೂ ಮೇಲ್ ತಿದ್ದದಿದ್ದರೆ ಅಲ್ಲೂ ಪಾಸ್ ಆಗುತ್ತದೆ.

ಪಟ್ಟಿಯಲ್ಲಿರುವ ಒಂದೊಂದು ಸೇವೆಗೂ ಬೇರೆ ಬೇರೆ ಡಿಕಿಮ್ ಬೇಕು. ಸಹಿ ಸರಿಯಿದೆಯಾ ಅಂತ ನೋಡಲು ಡಿಎನ್‌ಎಸ್‌ನಲ್ಲಿ ಇಡುವ ಉದ್ದನೆಯ ಸಂಕೇತಕ್ಕೆ ಕೀ ಅನ್ನುತ್ತಾರೆ. ಹೆಸರು ಕಲಸಿಹೋಗಬಾರದು ಅಂತ ಪ್ರತಿ ಕೀಗೂ ಒಂದು ಸೆಲೆಕ್ಟರ್ (ಗುರುತಿನ ಹೆಸರು) ಇರುತ್ತದೆ. ಆದ್ದರಿಂದ ಎಸ್‌ಪಿಎಫ್ ಥರ ಒಂದೇ ಇರಬೇಕು ಅನ್ನುವ ಕಟ್ಟುಪಾಡು ಇಲ್ಲಿಲ್ಲ.

ವರ್ಕ್‌ಸ್ಪೇಸ್‌ನಲ್ಲಿ ಅಡ್ಮಿನ್ ಕನ್ಸೋಲ್‌ಗೆ ಹೋಗಿ ಆ್ಯಪ್ಸ್, ಗೂಗಲ್ ವರ್ಕ್‌ಸ್ಪೇಸ್, ಜಿಮೇಲ್, ಆಥೆಂಟಿಕೇಟ್ ಇಮೇಲ್ ತೆರೆಯಿರಿ. 2048 ಬಿಟ್ ಆಯ್ಕೆ ಮಾಡಿ ಕೀ ಮಾಡಿಸಿ. ಅದು ಕೊಟ್ಟ ಹೋಸ್ಟ್ ಹೆಸರು ಮತ್ತು ವ್ಯಾಲ್ಯೂವನ್ನು ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಆಗಿ ಹಾಕಿ. ಆಮೇಲೆ ಮರಳಿ ಬಂದು 'ಸ್ಟಾರ್ಟ್ ಆಥೆಂಟಿಕೇಶನ್' ಒತ್ತಬೇಕು. ಎಷ್ಟೋ ಜನ ರೆಕಾರ್ಡ್ ಹಾಕಿ ಈ ಬಟನ್ ಒತ್ತುವುದನ್ನೇ ಮರೆತಿರುತ್ತಾರೆ. ಹೊಸ ಖಾತೆಯಾದರೆ ಕೀ ಸಿಗಲು 24ರಿಂದ 72 ಗಂಟೆ ಕಾಯಬೇಕಾಗಬಹುದು. ಮೈಕ್ರೋಸಾಫ್ಟ್ 365 ಎರಡು ಸಿನೇಮ್ ರೆಕಾರ್ಡ್ (ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ದಾರಿ ತೋರಿಸುವಂಥದ್ದು) ಕೇಳುತ್ತದೆ, ಅಮೆಜಾನ್ ಎಸ್‌ಇಎಸ್ ಮೂರು. ನ್ಯೂಸ್‌ಲೆಟರ್ ಸೇವೆಗಳಲ್ಲಿ 'ಡೊಮೇನ್ ಆಥೆಂಟಿಕೇಶನ್' ಅನ್ನೋ ಪುಟ ಹುಡುಕಿ.

ಪ್ಯಾನೆಲ್‌ನಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಹೋಸ್ಟ್ ಕಾಲಂ. ಸೇವೆಯವರು ಸೆಲೆಕ್ಟರ್, ಆಮೇಲೆ ಚುಕ್ಕೆ, '_ಡೊಮೇನ್‌ಕೀ', ಮತ್ತೆ ಚುಕ್ಕೆ, ನಿಮ್ಮ ಡೊಮೇನ್ ಅಂತ ಪೂರ್ತಿ ಹೆಸರು ಕೊಡುತ್ತಾರೆ. ಬಹಳಷ್ಟು ಪ್ಯಾನೆಲ್‌ಗಳು ಕೊನೆಯಲ್ಲಿ ಡೊಮೇನ್ ಹೆಸರನ್ನು ತಾವೇ ಸೇರಿಸುತ್ತವೆ. ನೀವು ಪೂರ್ತಿ ಅಂಟಿಸಿದರೆ ಡೊಮೇನ್ ಎರಡು ಸಲ ಬಂದು, ರೆಕಾರ್ಡ್ ಇದ್ದರೂ ಯಾರಿಗೂ ಸಿಗೋದಿಲ್ಲ. ಸೇವ್ ಮಾಡಿದ ಮೇಲೆ ಪೂರ್ತಿ ಹೆಸರು ಹೇಗೆ ಕಾಣುತ್ತಿದೆ ಅಂತ ನೋಡಿ. ಎರಡನೆಯದು ಕೀಯ ಉದ್ದ. ಟಿಎಕ್ಸ್‌ಟಿ ರೆಕಾರ್ಡಿನ ಒಂದು ತುಂಡಿನಲ್ಲಿ 255 ಅಕ್ಷರ ಮಾತ್ರ ಹಿಡಿಸುತ್ತದೆ, 2048 ಬಿಟ್ ಕೀ ಅದಕ್ಕಿಂತ ಉದ್ದ. ಒಳ್ಳೆಯ ಪ್ಯಾನೆಲ್ ತಾನೇ ತುಂಡು ಮಾಡಿಕೊಳ್ಳುತ್ತದೆ. ಹಳೆಯ ಪ್ಯಾನೆಲ್ ಬಾಲ ಕತ್ತರಿಸಿ ಸೇವ್ ಮಾಡಿಬಿಡಬಹುದು. ಕೀಯ ಕೊನೆಯ ಅಕ್ಷರಗಳನ್ನು ಎರಡೂ ಕಡೆ ಹೋಲಿಸಿ.

ಹಂತ 5: ಒಂದು ಮೇಲ್ ಕಳಿಸಿ, ಹೊಟ್ಟೆ ಬಗೆದು ನೋಡಿ

ಪಟ್ಟಿಯಲ್ಲಿರುವ ಪ್ರತಿಯೊಂದು ಸೇವೆಯಿಂದಲೂ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರ್‌ನಲ್ಲಿ ತೆರೆದು ಮೂರು ಚುಕ್ಕೆ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ. ಮೇಲ್ಗಡೆ ಪುಟ್ಟ ಕೋಷ್ಟಕದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಫಲಿತಾಂಶ ಇರುತ್ತದೆ. ಡಿಮಾರ್ಕ್ ರೆಕಾರ್ಡ್ ಇನ್ನೂ ಹಾಕಿಲ್ಲವಾದರೆ ಆ ಸಾಲು ಕಾಣೋದಿಲ್ಲ.

ಪಾಸ್ ಅನ್ನುವ ಪದ ನೋಡಿ ಖುಷಿಪಟ್ಟು ಮುಚ್ಚಬೇಡಿ. ಡಿಕಿಮ್ ಸಾಲಿನಲ್ಲಿ ಪಾಸ್ ಪಕ್ಕ ಒಂದು ಡೊಮೇನ್ ಹೆಸರು ಇರುತ್ತದೆ. ಅದನ್ನು ಓದಿ. ವರ್ಕ್‌ಸ್ಪೇಸ್‌ನಲ್ಲಿ ಡಿಕಿಮ್ ಆನ್ ಮಾಡದೇ ಬಿಟ್ಟರೆ ಗೂಗಲ್ ತನ್ನದೇ ಡೊಮೇನ್‌ನಿಂದ ಸಹಿ ಹಾಕುತ್ತದೆ. 'ಜಿಆ್ಯಪ್ಸ್‌ಎಸ್‌ಎಂಟಿಪಿ.ಕಾಂ' ಅಂತ ಕೊನೆಯಾಗುವ ಹೆಸರು ಅಲ್ಲಿ ಕಾಣುತ್ತದೆ. ಡಿಕಿಮ್ ಪಾಸ್, ಆದರೆ ನಿಮ್ಮ ಡೊಮೇನ್ ಅಲ್ಲ. ಎಸ್‌ಪಿಎಫ್ ಹೊಂದಿಕೆಯಾಗುತ್ತಿರುವಷ್ಟು ದಿನ ಡಿಮಾರ್ಕ್ ಹೇಗೋ ಪಾಸ್ ಆಗುತ್ತಿರುತ್ತದೆ. ಫಾರ್ವರ್ಡ್ ಆದ ಮೇಲ್ ಮಾತ್ರ ಬೀಳುತ್ತದೆ, ಕಾರಣ ಯಾರಿಗೂ ಗೊತ್ತಾಗೋದಿಲ್ಲ. ಅಲ್ಲಿ ನಿಮ್ಮ ಡೊಮೇನ್ ಹೆಸರೇ ಬರುವ ತನಕ ನಾಲ್ಕನೇ ಹಂತ ಮುಗಿದಿಲ್ಲ ಅಂತ ತಿಳಿಯಿರಿ.

ಹಂತ 6: ಡಿಮಾರ್ಕ್, ಮೆಲ್ಲಗೆ ಬಿಗಿ ಮಾಡಿ

'_ಡಿಮಾರ್ಕ್' ಅನ್ನುವ ಹೋಸ್ಟ್ ಹೆಸರಲ್ಲಿ ಒಂದು ಟಿಎಕ್ಸ್‌ಟಿ ರೆಕಾರ್ಡ್ ಹಾಕಬೇಕು. ಅದರಲ್ಲಿ ಮೂರು ಸಂಗತಿ ಸಾಕು: ಡಿಮಾರ್ಕ್ ಒಂದನೇ ಆವೃತ್ತಿ ಅಂತ, 'ಪಿ' ಅನ್ನುವ ನೀತಿ, 'ಆರ್‌ಯುಎ' ಅನ್ನುವ ವರದಿ ವಿಳಾಸ.

ಶುರುವಿನಲ್ಲಿ ನೀತಿ 'ನನ್' ಇರಲಿ. ಫೇಲ್ ಆದರೂ ಏನೂ ಮಾಡಬೇಡಿ, ನನಗೆ ವರದಿ ಕಳಿಸಿ ಅಂತ ಇದರ ಅರ್ಥ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ನಿಯಮಗಳಿಗೆ ಇಷ್ಟೇ ಸಾಕು. ವರದಿಗಳು ಸಾಮಾನ್ಯವಾಗಿ ದಿನಕ್ಕೊಂದರಂತೆ ಜಿಪ್ ಫೈಲ್‌ನಲ್ಲಿ ಬರುತ್ತವೆ. ಒಳಗೆ ಎಕ್ಸ್‌ಎಂಎಲ್, ಕಣ್ಣಿಂದ ಓದೋದು ಕಷ್ಟ. ಓದಿಕೊಡುವ ಉಚಿತ ಸೇವೆಗಳಿವೆ, ಅದರಲ್ಲಿ ಒಂದಕ್ಕೆ ಕೊಡಿ. ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಯಾವ ಐಪಿಯಿಂದ ಎಷ್ಟು ಮೇಲ್ ಹೋಯಿತು, ಪಾಸ್ ಎಷ್ಟು ಫೇಲ್ ಎಷ್ಟು ಅಂತ ಗೊತ್ತಾಗುತ್ತದೆ. ಮೊದಲ ಹಂತದಲ್ಲಿ ಮರೆತ ಸೇವೆ ಇಲ್ಲಿ ಸಿಕ್ಕಿಬೀಳುತ್ತದೆ. ಶಿರಸಿಯ ಅಂಗಡಿಯ ಆ ಹಳೆ ಸಿಆರ್‌ಎಂ ಪಟ್ಟಿಯಲ್ಲಿ ತಪ್ಪಿಸಿಕೊಂಡರೂ ವರದಿಯಲ್ಲಿ ತಪ್ಪಿಸಿಕೊಳ್ಳಲಾರದು.

ಕೆಲವು ವಾರ ನೋಡಿ. ತಿಂಗಳಿಗೊಮ್ಮೆ ಮಾತ್ರ ಹೋಗುವ ಇನ್‌ವಾಯ್ಸ್ ಇದ್ದರೆ ಒಂದು ತಿಂಗಳಾದರೂ ಬಿಡಿ. ನಿಮ್ಮವೆಲ್ಲ ಪಾಸ್ ಆಗುತ್ತಿವೆ ಅಂತ ಖಾತ್ರಿಯಾದ ಮೇಲೆ 'ಕ್ವಾರಂಟೈನ್' ಮಾಡಿ. ಫೇಲ್ ಆದವು ಸ್ಪ್ಯಾಮ್‌ಗೆ ಹೋಗುತ್ತವೆ. ಅದೂ ಸುಸೂತ್ರ ನಡೆದರೆ 'ರಿಜೆಕ್ಟ್'. ಮೊದಲ ದಿನವೇ ರಿಜೆಕ್ಟ್ ಹಾಕಿದರೆ ನಿಮ್ಮದೇ ಇನ್‌ವಾಯ್ಸ್ ನೀವೇ ತಡೆದ ಹಾಗಾಗುತ್ತದೆ.

'ನನ್'ನಲ್ಲೇ ವರ್ಷಗಟ್ಟಲೆ ಕೂರುವುದೂ ಸರಿಯಲ್ಲ. ನಿಯಮ ಪಾಲಿಸಿದ ಹಾಗೆ ಆಗುತ್ತದೆ, ರಕ್ಷಣೆ ಮಾತ್ರ ಸೊನ್ನೆ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಣ ಹಾಕಿ" ಅಂತ ನಿಮ್ಮದೇ ವಿಳಾಸದಿಂದ ಬಂದ ಹಾಗೆ ಕಾಣುವ ಕಳ್ಳ ಮೇಲ್ ತಡೆಯುವುದು ಕ್ವಾರಂಟೈನ್ ಅಥವಾ ರಿಜೆಕ್ಟ್ ಇದ್ದಾಗಲೇ. ಒಂದು ಅಕ್ಷರ ಬದಲಿಸಿದ ನಕಲಿ ಡೊಮೇನ್‌ನಿಂದ ಬಂದರೆ ಇದು ತಡೆಯೋದಿಲ್ಲ, ಅದು ಬೇರೆ ಮಾತು. ಹೆಸರು ಕೈ ತಪ್ಪದಿರಲಿ ಅಂತ ತೆಗೆದಿಟ್ಟ, ಮೇಲ್ ಕಳಿಸದ ಡೊಮೇನ್ ಇದ್ದರೆ ಅದಕ್ಕೆ ಇವತ್ತೇ '-ಆಲ್' ಮಾತ್ರ ಇರುವ ಎಸ್‌ಪಿಎಫ್ ಮತ್ತು ರಿಜೆಕ್ಟ್ ಡಿಮಾರ್ಕ್ ಹಾಕಿ. ಅಲ್ಲಿ ಕಾಯುವ ಅಗತ್ಯವಿಲ್ಲ.

ಹಂತ 7: ಅನ್‌ಸಬ್‌ಸ್ಕ್ರೈಬ್ ಮತ್ತು ಸ್ಪ್ಯಾಮ್ ದೂರು

ಮೂರೂ ಪಾಸ್ ಆದರೆ ನೀವು ಯಾರು ಅಂತ ಸಾಬೀತಾಯಿತು, ಅಷ್ಟೇ. ನಿಮ್ಮ ಮೇಲ್ ಜನಕ್ಕೆ ಬೇಕಾ ಅನ್ನೋದು ಬೇರೆ ಲೆಕ್ಕ. ಜಿಮೇಲ್‌ನಲ್ಲಿ ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.1ಕ್ಕಿಂತ ಕೆಳಗಿರಬೇಕು, ಶೇ. 0.3 ಅಂತೂ ಮುಟ್ಟಲೇಬಾರದು. ಇನ್‌ಬಾಕ್ಸ್ ಸೇರಿದ ಸಾವಿರ ಮೇಲ್‌ಗಳಲ್ಲಿ ಮೂರು ಜನ ಸ್ಪ್ಯಾಮ್ ಬಟನ್ ಒತ್ತಿದರೆ ಮುಟ್ಟಿಯಾಯಿತು! ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಡೊಮೇನ್ ಸೇರಿಸಿದರೆ ಇದು ಕಾಣುತ್ತದೆ. ತೀರಾ ಕಡಿಮೆ ಮೇಲ್ ಕಳಿಸುವವರಿಗೆ ಅಂಕಿ ಬರೋದಿಲ್ಲ.

ಬಿಟ್ಟು ಹೋಗುವವರಿಗೆ ದಾರಿ ಸಲೀಸು ಮಾಡಿಕೊಡಿ. ಇಲ್ಲದಿದ್ದರೆ ಅವರು ಒತ್ತುವುದು ಸ್ಪ್ಯಾಮ್ ಬಟನ್ನೇ. ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಅಂದರೆ ಮೇಲ್‌ನ ಕೆಳಗಿರುವ ಲಿಂಕ್ ಅಲ್ಲ. ಮೇಲ್‌ನ ಹೆಡರ್‌ನಲ್ಲಿ (ಓದುವವರಿಗೆ ಕಾಣದ ತಾಂತ್ರಿಕ ಭಾಗ) ಅದಕ್ಕಾಗಿ ಎರಡು ಸಾಲು ಇರಬೇಕು, ಆಗ ಜಿಮೇಲ್ ಕಳಿಸಿದವರ ಹೆಸರಿನ ಪಕ್ಕದಲ್ಲೇ ಆ ಬಟನ್ ತೋರಿಸಬಹುದು. ಒಳ್ಳೆಯ ನ್ಯೂಸ್‌ಲೆಟರ್ ಸೇವೆಗಳು ತಾವೇ ಹಾಕುತ್ತವೆ. ಯಾರಾದರೂ ಒತ್ತಿದರೆ ಎರಡು ದಿನದೊಳಗೆ ಪಟ್ಟಿಯಿಂದ ತೆಗೆಯಬೇಕು. ಆರ್ಡರ್ ಮೇಲ್, ಒಟಿಪಿಗೆ ಈ ನಿಯಮ ಇಲ್ಲ. ಹಾಗಂತ ಆರ್ಡರ್ ಮೇಲ್‌ನೊಳಗೆ ಆಫರ್ ತುರುಕಬೇಡಿ. ಪ್ರಚಾರದ ಮೇಲ್‌ಗೆ ಒಂದು ಸಬ್‌ಡೊಮೇನ್ ಬೇರೆ ಮಾಡಿದರೆ ಒಳ್ಳೆಯದು. ದುಡ್ಡು ಕೊಟ್ಟು ಮೇಲ್ ಪಟ್ಟಿ ಕೊಳ್ಳುವುದಂತೂ ಬೇಡವೇ ಬೇಡ.

ವಾಪಸ್ ಬಂದ ಮೇಲ್ ಏನು ಹೇಳುತ್ತದೆ

ಬೌನ್ಸ್ ಮೇಲ್ ಅಳಿಸಬೇಡಿ, ಅದರಲ್ಲಿರುವ ಸಂಖ್ಯೆ ನೋಡಿ. ಜಿಮೇಲ್‌ನಿಂದ 550 5.7.26 ಬಂದರೆ ಗುರುತು ಸಾಬೀತಾಗಿಲ್ಲ ಅಂತ. ಐದನೇ ಹಂತಕ್ಕೆ ವಾಪಸ್ ಹೋಗಿ. ಔಟ್‌ಲುಕ್‌ನಿಂದ 550 5.7.515 ಬಂದರೆ ಬಲ್ಕ್ ನಿಯಮಕ್ಕೆ ಬೇಕಾದ ಮೂರರಲ್ಲಿ ಏನೋ ಕೊರತೆ ಇದೆ. 4ರಿಂದ ಶುರುವಾಗುವ ಸಂಖ್ಯೆ ತಾತ್ಕಾಲಿಕ, ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಅದೇ ಪದೇ ಪದೇ ಬಂದರೆ ಉದಾಸೀನ ಮಾಡಬೇಡಿ. ಸ್ವಂತ ಸರ್ವರ್ ಇಟ್ಟುಕೊಂಡವರು ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ತಿಳಿಸುವ ದಾಖಲೆ) ಸರಿ ಇದೆಯಾ ಅಂತ ನೋಡಬೇಕು. ಅದು ನಿಮ್ಮ ಡೊಮೇನ್ ಪ್ಯಾನೆಲ್‌ನಲ್ಲಿ ಸಿಗೋದಿಲ್ಲ, ಐಪಿ ಕೊಟ್ಟ ಹೋಸ್ಟಿಂಗ್‌ನವರನ್ನೇ ಕೇಳಬೇಕು.

ಹೊಸ ಸಾಫ್ಟ್‌ವೇರ್ ಸೇರಿಸಿದಾಗೆಲ್ಲ ಪಟ್ಟಿಗೆ ಒಂದು ಸಾಲು ಸೇರಿಸಿ, ಅದರ ಡಿಕಿಮ್ ಹಾಕಿ, ಪರೀಕ್ಷೆ ಮಾಡಿ. ವೆಬ್‌ಸೈಟ್ ಬೇರೆ ಕಡೆ ಸಾಗಿಸುವಾಗ ಇನ್ನೂ ಹುಷಾರಾಗಿರಿ. ನೇಮ್‌ಸರ್ವರ್ (ನಿಮ್ಮ ಡಿಎನ್‌ಎಸ್ ರೆಕಾರ್ಡ್‌ಗಳು ಇರುವ ಸರ್ವರ್) ಬದಲಾದರೆ ಹಳೆ ಪ್ಯಾನೆಲ್‌ನ ರೆಕಾರ್ಡ್‌ಗಳು ತಾವಾಗಿಯೇ ಹಿಂದೆ ಬರೋದಿಲ್ಲ. ಹೊಸ ಪ್ಯಾನೆಲ್ ಸ್ಕ್ಯಾನ್ ಮಾಡಿ ತಂದುಕೊಂಡರೂ ಸೆಲೆಕ್ಟರ್ ಹೆಸರು ಗೊತ್ತಿಲ್ಲದೆ ಡಿಕಿಮ್ ರೆಕಾರ್ಡ್‌ಗಳನ್ನು ಬಿಟ್ಟುಬಿಡಬಹುದು. ಬದಲಿಸುವ ಮುಂಚೆ ಹಳೆಯದನ್ನು ಪೂರ್ತಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಬದಲಿಸಿದ ಮಾರನೇ ದಿನ ಪ್ರತಿ ಸೇವೆಯಿಂದಲೂ ಒಂದೊಂದು ಮೇಲ್ ಕಳಿಸಿ 'ಶೋ ಒರಿಜಿನಲ್' ತೆರೆಯಿರಿ.